ಹಲಗೆಯ ಮೇಲಿನ ‘ಸ’

ಮಂಚದ ಕೆಳಗೆ ಅರ್ಧ ಮೈ ತೂರಿಸಿ, ಮಗಳು ಅಪ್ಪನ ಹಳೇ ಚೀಲದಿಂದ ಬಿಳಿ ಪ್ಲಾಸ್ಟಿಕ್ ಹಲಗೆಯನ್ನು ಎಳೆದುಕೊಂಡಳು. ಹಜಾರದಲ್ಲಿ ಅಪ್ಪನನ್ನು ಮಲಗಿಸಿದ್ದರು. ಇಪ್ಪತ್ತೆರಡು ವರ್ಷ ಉಸಿರು ಲೆಕ್ಕಹಾಕಿಕೊಂಡು ಸಮುದ್ರದಡಿ ಹವಳ ನೋಡಿ ಬಂದವನಿಗೆ ಈಗ ಉಸಿರಿನ ಗೊಡವೆಯೇ ಇರಲಿಲ್ಲ.

“ಅಪ್ಪನ ಕಚೇರಿಯ ದೊಡ್ಡ ಸಾಹೇಬರು ಬಂದಿದಾರೆ ಕಣೇ,” ಎಂದಳು ಚಿಕ್ಕಮ್ಮ ಬಾಗಿಲಲ್ಲಿ ನಿಂತು. “ಎರಡು ಮಾತು ಆಡ್ತಾರಂತೆ.”

“ಆಡ್ಲಿ ಚಿಕ್ಕಮ್ಮ. ಅವರಿಗೋಸ್ಕರಾನೇ ಕಾಯ್ತಿದೀನಿ.”

*

ಉಪಗ್ರಹದ ಚಿತ್ರದಲ್ಲಿ ಜೀವಂತ ಹವಳಕ್ಕೂ ಪಾಚಿ ಹತ್ತಿದ ಸತ್ತ ಹವಳಕ್ಕೂ ಹೆಚ್ಚುಕಡಿಮೆ ಒಂದೇ ಬಣ್ಣ. ಯಾವುದು ಯಾವುದೆಂದು ಹೇಳಲು ಯಾರಾದರೂ ಮುಳುಗಿ ನೋಡಲೇಬೇಕು. ಕಚೇರಿಯ ಹವಳದ ನಕ್ಷೆಗಾಗಿ ಅಪ್ಪ ನಲವತ್ತೊಂದು ಜಾಗ ನೋಡಿ, ನೀರೊಳಗೇ ಹಲಗೆಯ ಮೇಲೆ ಪೆನ್ಸಿಲ್‌ನಿಂದ ‘ಸ’ ಎಂದು ಗುರುತು ಹಾಕಿ ತಂದಿದ್ದ. ಸತ್ತಿದೆ ಎಂದು. ಕಂಪ್ಯೂಟರಿನ ಮುಂದೆ ಕೂತ ಇದೇ ಸಾಹೇಬರು ಅದನ್ನು ‘ಸಜೀವ’ ಎಂದು ತುಂಬಿಸಿದರು. ನಕ್ಷೆಯ ತುಂಬ ಹವಳ ನಳನಳಿಸಿತು, ಸಾಹೇಬರಿಗೆ ಬಡ್ತಿ ಸಿಕ್ಕಿತು. ತಪ್ಪು ಹೊರಬಿದ್ದಾಗ ಮಾತ್ರ ‘ಮುಳುಗುವವನ ಕಣ್ಣು ಮಂಜಾಗಿದೆ’ ಎಂದು ಬರೆದು ಅಪ್ಪನನ್ನು ಮನೆಗೆ ಕಳಿಸಿದರು.

“ಈ ಹಲಗೇನ ಅವರ ಮುಖಕ್ಕೆ ಹಿಡೀತೀನಿ,” ಎಂದು ಅವಳು ಕುದಿದಾಗ ಅಪ್ಪ ತಲೆಯಾಡಿಸಿದ್ದ.

“ನಾನಿರೋವರೆಗೂ ಬೇಡ ಮಗಳೇ. ಜಗಳ ಆಡೋ ಶಕ್ತಿ ನನಗಿಲ್ಲ.”

ಮೂರು ವರ್ಷ ಅವಳು ಹಲ್ಲು ಕಚ್ಚಿಕೊಂಡಿದ್ದಳು.

*

ಹಜಾರದಲ್ಲಿ ಕಚೇರಿಯವರೆಲ್ಲ ಸೇರಿದ್ದರು.

“ಇಂಥ ಕಣ್ಣು ನಮ್ಮಲ್ಲಿ ಇನ್ಯಾರಿಗೂ ಇರಲಿಲ್ಲ,” ಎಂದರು ಸಾಹೇಬರು, ದನಿ ತಗ್ಗಿಸಿ.

ಮಗಳಿಗೆ ಮೈಯೆಲ್ಲ ಉರಿದುಹೋಯಿತು. ಹಲಗೆಯನ್ನು ಅವರ ಕೈಗಿಟ್ಟಳು.

“ಅಪ್ಪ ಕೊನೇ ಸಲ ಮುಳುಗಿದಾಗ ಬರೆದಿದ್ದು ಸರ್. ಎಲ್ಲರಿಗೂ ಕೇಳೋ ಹಾಗೆ ನೀವೇ ಓದಿ.”

ಒಲ್ಲೆನ್ನುವಂತಿರಲಿಲ್ಲ. ಮೇಲಿನ ಸಾಲನ್ನು ಅವರು ಗಟ್ಟಿಯಾಗಿಯೇ ಓದಿದರು: “ಸ ಅಂದರೆ ಸತ್ತಿದೆ. ಜೀ ಅಂದರೆ ಜೀವ ಇದೆ.” ಓದಿ ಮುಗಿದ ಮೇಲೆಯೇ ತಾವು ಏನು ಓದಿದೆವೆಂದು ಅವರಿಗೆ ಹೊಳೆದದ್ದು.

“ಅಂದ್ರೆ ಅವನು ಸರಿಯಾಗೇ ಬರೆದಿದ್ದ,” ಎಂದ ಹಿಂದೆ ನಿಂತಿದ್ದ ದೋಣಿಯವನು.

ಎಲ್ಲರೂ ಸಾಹೇಬರನ್ನೇ ನೋಡುತ್ತಿದ್ದರು.

“ಮುಂದೆ ಓದಿ ಸರ್.”

“ಒಂದನೇ ಜಾಗ... ಸತ್ತಿದೆ. ಎರಡನೇ ಜಾಗ, ಸತ್ತಿದೆ...” ಒಂಬತ್ತನೆಯದನ್ನು ಓದಿ ಅವರು ಹಲಗೆಯನ್ನು ಕೆಳಗಿಳಿಸಿದರು.

“ಇನ್ನೂ ಮೂವತ್ತೆರಡು ಇವೆ,” ಎಂದಳು ಮಗಳು. ಅಪ್ಪನ ತಲೆಯ ಬಳಿ ಇಟ್ಟಿದ್ದ ಕನ್ನಡಕವನ್ನು ಎತ್ತಿ, ಅಂಗಿಯ ತುದಿಯಲ್ಲಿ ನಿಧಾನವಾಗಿ ಒರೆಸಿ, ಅವರ ಮುಂದೆ ಹಿಡಿದಳು. “ಕಣ್ಣು ಮಂಜಾಗಿದ್ರೆ ಇದನ್ನ ಹಾಕ್ಕೊಳ್ಳಿ ಸರ್.”