ಬರ್ಫಿ ಕಟ್ಟಿದ ಗೂಡು

ಆರ್.ಟಿ. ನಗರದ ಮನೆಯಲ್ಲಿ ರವಿಕೆ ಹೊಲಿಯುತ್ತಿದ್ದ ಮುಸರ್ರತ್‌ಗೆ ಗಂಡ ವಹಾಬ್ ಎರಡು ಮೊಲದ ಮರಿ ತಂದುಕೊಟ್ಟಾಗ ಅವು ಅಂಗೈಯಲ್ಲಿ ಹಿಡಿಸುವಷ್ಟಿದ್ದವು. ಅಕ್ಕತಂಗಿ ಎಂದು ಮಾರಿದವನು ಹೇಳಿದ್ದನಂತೆ. ಬೆಳ್ಳಗಿದ್ದುದಕ್ಕೆ ಅವಳು ಬರ್ಫಿ ಎಂದು ಹೆಸರಿಟ್ಟಳು. ಕಣ್ಣಿನ ಸುತ್ತ ಕಪ್ಪಿದ್ದುದು ಸುರ್ಮಾ ಆಯಿತು. ಅವಳು ಮಿಷನ್ ತುಳಿಯುವಾಗ ಎರಡೂ ಬಟ್ಟೆ ಚೂರುಗಳ ಮೇಲೆ ಅಂಟಿಕೊಂಡು ಮಲಗುತ್ತಿದ್ದವು.

ಐದಾರು ತಿಂಗಳು ತುಂಬುತ್ತಲೇ ಅವುಗಳ ಸ್ವಭಾವವೇ ಬದಲಾಯಿತು. ಸುರ್ಮಾ ಗುರುಗುಟ್ಟುತ್ತ ಮುಸರ್ರತ್‌ಳ ಕಾಲು ಸುತ್ತುತ್ತಿತ್ತು, ಬರ್ಫಿಯ ಬೆನ್ನೇರುತ್ತಿತ್ತು. ಕೆಲವು ದಿನ ಕಳೆದ ಮೇಲೆ, ಅವುಗಳನ್ನಿಟ್ಟಿದ್ದ ಪೆಟ್ಟಿಗೆಗೆ ಕೈ ಹಾಕಿದರೆ ಸಾಕು, ಸಾಧುವಾಗಿದ್ದ ಬರ್ಫಿ ಮುಂಗಾಲು ಬೀಸಿ ಹೊಡೆಯತೊಡಗಿತು. ಒಂದು ಬೆಳಿಗ್ಗೆ ಬಾಯಿತುಂಬ ಒಣಹುಲ್ಲು ಕಚ್ಚಿಕೊಂಡು ಓಡಾಡಿ ಮೂಲೆಯಲ್ಲಿ ಗೂಡು ಕಟ್ಟಿತು. ತನ್ನ ಎದೆಯ ತುಪ್ಪಳವನ್ನು ತಾನೇ ಕಿತ್ತು ಅದರೊಳಗೆ ಹಾಸಿತು.

ಮುಸರ್ರತ್ ಗಾಬರಿಯಾಗಿ ಪಕ್ಕದ ಮನೆಯ ಗೌರಮ್ಮನನ್ನು ಕರೆತಂದಳು. ಹಸು ಕೋಳಿ ಸಾಕಿಕೊಂಡೇ ಬೆಳೆದ ಹೆಂಗಸು ಆಕೆ.

"ಇದು ಗಬ್ಬ ಆಗೈತೆ ಕಣಮ್ಮ. ಆ ಸುರ್ಮಾ ಗಂಡು. ಮಾರಿದೋನು ನಿನ್ ಗಂಡನ್ಗೆ ಸುಳ್ಳು ಏಳವ್ನೆ."

"ಎದೆ ಕೂದಲು ಕಿತ್ಕೊಂಡಿದೆಯಲ್ಲ ಗೌರಕ್ಕ, ನೋವಾಗಲ್ವಾ?"

"ಮರಿ ಬೆಚ್ಚಗಿರ್ಲಿ ಅಂತ ಇಂಗೆ ಮಾಡ್ತೈತೆ. ನಾಳೆ ನೋಡು ಬೇಕಾದ್ರೆ."

ಮರುದಿನ ಗೂಡಿನಲ್ಲಿ ಮರಿಯಿರಲಿಲ್ಲ, ಅದರ ಮರುದಿನವೂ ಇರಲಿಲ್ಲ. ಬರ್ಫಿ ಮಾತ್ರ ಕಾವಲು ಬಿಡಲಿಲ್ಲ. ತಾಯಿಯೇ ಮರಿ ತಿಂದಿತೇನೋ ಎಂದು ಗೌರಮ್ಮ ತಗ್ಗಿದ ದನಿಯಲ್ಲಿ ಹೇಳಿದಾಗ ಮುಸರ್ರತ್‌ಗೆ ಅನ್ನ ಸೇರಲಿಲ್ಲ. ಇಬ್ಬರೂ ಮೊಲಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ಹೆಬ್ಬಾಳದ ದನದ ಆಸ್ಪತ್ರೆಗೆ ಬಸ್ಸು ಹತ್ತಿದರು.

ಅಲ್ಲಿದ್ದ ಡಾಕ್ಟರಮ್ಮ ಒಂದೊಂದನ್ನೇ ಮಗುಚಿ ನೋಡಿದರು. "ಎರಡೂ ಹೆಣ್ಣೇ."

"ಅಂಗಾದ್ರೆ ಅದ್ಯಾಕೆ ಬೆನ್ನೇರ್ತೈತೆ?" ಎಂದಳು ಗೌರಮ್ಮ.

"ಪ್ರಾಯಕ್ಕೆ ಬಂದ್ಮೇಲೆ ಹೆಣ್ಣೂ ಏರುತ್ತೆ, ತಾನೇ ದೊಡ್ಡೋಳು ಅಂತ ತೋರಿಸ್ಕೊಳ್ಳೋಕೆ. ಕೆಲವು ಸಲ ಅಷ್ಟಕ್ಕೇ ಇನ್ನೊಂದರ ಮೈ ಬಸಿರು ಅಂತ ತಿಳ್ಕೊಂಡ್ಬಿಡುತ್ತೆ. ಸುಳ್ಳು ಬಸಿರು ಇದು."

ಮುಸರ್ರತ್ ಬರ್ಫಿಯ ಬೋಳು ಎದೆ ಸವರಿದಳು. "ಮರಿ ಇಲ್ಲ ಅಂತ ಅದಕ್ಕೆ ಗೊತ್ತಾ ಡಾಕ್ಟ್ರೇ?"

ಡಾಕ್ಟರಮ್ಮ ಬರ್ಫಿಯನ್ನು ಬುಟ್ಟಿಗಿಳಿಸಿದರು. "ನಂಗೂ ಗೊತ್ತಿಲ್ಲಮ್ಮ. ಗೂಡು ಮಾತ್ರ ಕೀಳ್ಬೇಡಿ, ಕಿತ್ರೆ ಮತ್ತೆ ತುಪ್ಪಳ ಕಿತ್ಕೊಂಡು ಕಟ್ಟುತ್ತೆ. ತಾನಾಗೇ ಬಿಡೋವರೆಗೂ ಎರಡನ್ನೂ ಬೇರೆ ಇಡಿ."

ವಹಾಬ್ ಪೆಟ್ಟಿಗೆಯ ನಡುವೆ ಜಾಲರಿ ಹೊಡೆದುಕೊಟ್ಟ. "ಖಾಲಿ ಗೂಡಿಗೆ ಇಷ್ಟೊಂದು ಉಪಚಾರಾನಾ?" ಎಂದು ನಕ್ಕನಾದರೂ ಅದನ್ನು ಮುಟ್ಟಲಿಲ್ಲ. ಮುಸರ್ರತ್ ಕಾಜ ಹೊಲಿಯುವ ಕೆಲಸವನ್ನೆಲ್ಲ ಪೆಟ್ಟಿಗೆಯ ಮುಂದೆಯೇ ಕೂತು ಮಾಡಿದಳು. ಬರ್ಫಿ ಆಗಾಗ ಗೂಡಿಗೆ ಮೂತಿಯಿಟ್ಟು ಮೂಸುವುದನ್ನೂ ಹುಲ್ಲು ಸರಿಪಡಿಸಿ ಹಿಂದೆ ಸರಿಯುವುದನ್ನೂ ನೋಡಿದಳು. ಅದು ಏನನ್ನು ಹುಡುಕುತ್ತಿದೆಯೋ ಎಂದು ಅವಳಿಗೆ ಕುತೂಹಲ.

ಒಂದು ಮಧ್ಯಾಹ್ನ ಬರ್ಫಿ ಆ ಗೂಡಿನಿಂದಲೇ ಒಂದು ಎಳೆ ಹುಲ್ಲು ಎಳೆದು ನಿಧಾನವಾಗಿ ಜಗಿಯಿತು. ಆಮೇಲೆ ಇನ್ನೊಂದು ಎಳೆ.

"ಗೌರಕ್ಕ, ಬನ್ನಿ ಇಲ್ಲಿ, ತನ್ ಗೂಡು ತಾನೇ ತಿಂತಿದೆ," ಎಂದು ಮುಸರ್ರತ್ ಕೂಗಿದಳು.

ಬರ್ಫಿ ಗೂಡಿನ ಹಂಬಲ ಬಿಟ್ಟಿತೆಂದು ಸಂಜೆ ಅವಳು ಜಾಲರಿ ತೆಗೆದಳು. ಸುರ್ಮಾ ಕುಪ್ಪಳಿಸಿ ಬಂದು ಬರ್ಫಿಯನ್ನು ಮೂಸಿತು. ಬರ್ಫಿ ಹೊಡೆಯಲಿಲ್ಲ, ತಲೆ ತಗ್ಗಿಸಿ ಕೂತಿತು. ಸುರ್ಮಾ ಅದರ ಹಣೆಯನ್ನು ಬಹಳ ಹೊತ್ತು ನೆಕ್ಕಿತು.