ಮುಷ್ಟಿಯೊಳಗಿನ ಮಿಠಾಯಿ

ಸಾಸಿವೆ ಸೀದಿದೆ, ಇದು ಪೇಚ್ಚಿಯಮ್ಮಾಳ್ ಕೈಯ ಒಗ್ಗರಣೆಯೇ, ಎಣ್ಣೆ ಕಾಯುವ ತನಕ ಮಾತು, ಕಾದ ಮೇಲೂ ಮಾತು, ನಮ್ಮ ಮದುವೆ ಮನೆಗಳಲ್ಲಿ ಇಪ್ಪತ್ತು ವರ್ಷ ಇದೇ ವಾಸನೆ ಕುಡಿದಿದ್ದೇನೆ, ಈಗ ಈ ಶಾಲೆಯ ಮಧ್ಯಾಹ್ನದ ಊಟಕ್ಕೂ ಅದೇ — ಹೊಗೆ ಕಿಟಕಿಯಿಂದ ಒಳಗೆ ಬಂದು ದೊಡ್ಡ ಟೀಚರ್ ಮೇಜಿನ ಮೇಲಿರುವ ನನ್ನ ಕಾಗದದ ಮೇಲೆ ಕೂರುತ್ತಿದೆ, ಕೂರಲಿ, ದೊಡ್ಡ ಟೀಚರ್ ಅಂದರೆ ಹೆಡ್‌ಮಿಸ್ಟ್ರೆಸ್ ಕಾಮಾಕ್ಷಿಯಮ್ಮಾಳ್, ಕನ್ನಡಕ ಮೂಗಿನ ತುದಿಗಿಳಿಸಿ ಓದುತ್ತಿದ್ದಾರೆ, ಓದಿದ್ದನ್ನೇ ಓದುತ್ತಿದ್ದಾರೆ, ಉಕ್ಕಾರುಂಗಮ್ಮಾ ಅಂತ ತಮಿಳಿನಲ್ಲಿ ಅಂದರು, ನಾನು ಕೂರಲಿಲ್ಲ, ಕೂತರೆ ದನಿ ತಗ್ಗುತ್ತದೆ, ನಾನು ಜಗಳಕ್ಕೆ ಬಂದವಳು, ಮಾರ್ಕಯನ್‌ಕೋಟ್ಟೈಯಿಂದ ಬಸ್ಸಿನಲ್ಲಿ ಬರುವಾಗ ಪೂರ್ತಿ ದಾರಿ ಮಾತುಗಳನ್ನು ಜೋಡಿಸಿಕೊಂಡು ಬಂದವಳು, ಬರುವ ಶುಕ್ರವಾರ ಪರೀಕ್ಷೆ ಶುರು, ಡಾಕ್ಟರ್ ಕಾಗದ ಇಲ್ಲದೆ ಮಗುವನ್ನು ಕಳಿಸಬೇಡಿ ಅಂದರೆ ಏನರ್ಥ, ಐದು ದಿನ ಮನೆಯಲ್ಲಿ ಕೂರಿಸಿಕೊಂಡೆ, ತಗೊಳ್ಳಿ ಕಾಗದ, ತೇನಿ ದೊಡ್ಡಾಸ್ಪತ್ರೆಯ ಡಾಕ್ಟರ್ ಬರೆದು ಮೊಹರು ಹಾಕಿದ್ದು, ಇನ್ನು ಬೇಡ ಅನ್ನಲಿ ನೋಡೋಣ. ಹೊರಗೆ ಬೆಂಚಿನ ಮೇಲೆ ಯುವಶ್ರೀ, ಯೂನಿಫಾರ್ಮಿನಲ್ಲಿ, ಕಾಲು ಆಡಿಸುತ್ತಾ, ಏಳನೇ ಕ್ಲಾಸು, ನನ್ನೊಬ್ಬಳೇ ಮಗಳು, ಎರಡು ವರ್ಷದಿಂದ ಸಕ್ಕರೆ ಕಾಯಿಲೆ, ಮುದುಕರಿಗೆ ಬರುವುದಲ್ಲ, ಮಕ್ಕಳಿಗೆ ಬರುವುದು, ಮಾತ್ರೆ ಕೇಳುವುದಿಲ್ಲ, ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಬೇಕು, ಚುಚ್ಚಿದ ಮೇಲೆ ಹೊತ್ತಿಗೆ ಸರಿಯಾಗಿ ತಿನ್ನಬೇಕು, ತಿನ್ನದಿದ್ದರೆ ರಕ್ತದಲ್ಲಿನ ಸಕ್ಕರೆ ಇಳಿದು ಇಳಿದು — ಮುಷ್ಟಿ. ಆಸ್ಪತ್ರೆ ಮಂಚದ ಮೇಲೆ ಬಿಗಿಯಾಗಿ ಮುಚ್ಚಿದ್ದ ಸಣ್ಣ ಮುಷ್ಟಿ. ಬೇಡ, ಅದು ಈಗ ಬೇಡ.

ಹೋದ ಗುರುವಾರ ನಾನು ದ್ರಾಕ್ಷಿ ಪಂದಲಿನ, ಬಳ್ಳಿ ಚಪ್ಪರದ ಕೆಳಗಿದ್ದೆ, ಗೊಂಚಲಲ್ಲಿ ಒತ್ತಾಗಿರುವ ಕಾಯಿಗಳನ್ನು ಸಣ್ಣ ಕತ್ತರಿಯಿಂದ ಬಿಡಿಸುವ ಕೆಲಸ, ದಿನವಿಡೀ ಕತ್ತು ಮೇಲೆತ್ತಿ, ರಸ ಮೊಣಕೈ ತನಕ ಇಳಿಯುತ್ತದೆ, ಫೋನು ಸೊಂಟದಲ್ಲಿ ನಡುಗಿತು, ನಿಮ್ಮ ಮಗಳು ಬಿದ್ದಳು, ಕ್ಲಾಸ್ ಟೀಚರ್ ಕಾರ್ತಿಕಾ ದನಿ, ಚಿಕ್ಕ ಹುಡುಗಿ, ಕೆಲಸಕ್ಕೆ ಸೇರಿ ವರ್ಷವೂ ಆಗಿಲ್ಲ, ಅಳುತ್ತಿದ್ದಳು, ನಾನು ಕತ್ತರಿ ಸೊಂಟಕ್ಕೆ ಸಿಕ್ಕಿಸಿಕೊಂಡೇ ಓಡಿದೆ, ಚಿನ್ನಮನೂರು ಆಸ್ಪತ್ರೆಯಲ್ಲಿ ಕೈಗೆ ಗ್ಲೂಕೋಸ್ ಹಾಕಿದ್ದರು, ಕಣ್ಣು ಅರ್ಧ ತೆರೆದಿತ್ತು, ಗುರುತಿಲ್ಲ, ನರ್ಸಮ್ಮ ಇನ್ನೊಂದು ಕೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು, ಅಂಗೈಯಲ್ಲಿ ಕಿತ್ತಳೆ ಬಣ್ಣದ ಮಿಠಾಯಿ, ತಲೆ ಸುತ್ತಿದರೆ ತಕ್ಷಣ ಬಾಯಿಗೆ ಹಾಕಿಕೋ ಅಂತ ನಾನೇ ಜೇಬಿಗೆ ಹಾಕುವ ಮಿಠಾಯಿ, ಕಾಗದ ಬೆವರಿನಲ್ಲಿ ನೆಂದಿತ್ತು, ಬಿಚ್ಚಿರಲಿಲ್ಲ. ನನಗೆ ಮೈಯೆಲ್ಲ ಉರಿಯಿತು, ಕಾರ್ತಿಕಾ ಕಡೆ ತಿರುಗಿ ಅಷ್ಟು ಜನರ ಮುಂದೆ ಬಾಯಿಗೆ ಬಂದದ್ದು ಅಂದೆ, ತಿನ್ನಬೇಡ ಅಂದ್ಯಾ, ಕ್ಲಾಸಲ್ಲಿ ತಿಂದರೆ ಹೊರಗೆ ನಿಲ್ಲಿಸ್ತೀನಿ ಅಂದ್ಯಾ, ನಿನ್ನ ಹೊಟ್ಟೇಲಿ ಒಂದು ಹುಟ್ಟಿದರೆ ತಿಳಿಯುತ್ತೆ ನಿಂಗೆ, ಅವಳು ಗೋಡೆಗೆ ಒರಗಿ ನಿಂತಳು, ಎನಕ್ಕು ಯಾರುಮೇ ಸೊಲ್ಲಲಿಯೇಮ್ಮಾ, ನನಗೆ ಯಾರೂ ಹೇಳಲೇ ಇಲ್ಲವಲ್ಲಮ್ಮಾ, ಅಷ್ಟೇ ಅಂದಳು, ಎರಡು ಸಲ ಅಂದಳು.

ಹಾಳೆ ತಿರುಗಿಸಿದರು ದೊಡ್ಡ ಟೀಚರ್. ಈಗ ಬೇಡ ಅನ್ನುತ್ತಾರೆ, ಅನ್ನಲಿ — ಬೇಡ ಅನ್ನೋಕೆ ನಂಗೆ ಹಕ್ಕಿಲ್ಲಮ್ಮಾ, ಅನ್ನುತ್ತಿದ್ದಾರೆ, ಇದನ್ನು ಮಾಡೋದು ನಮ್ಮ ಕೆಲಸ, ನಿಮಗೆ ಉಪಕಾರ ಅಲ್ಲ, ಪರೀಕ್ಷೆ ನಡುವೆ ತಿನ್ನಲಿ, ಕ್ಲಾಸಲ್ಲೇ ರಕ್ತ ಚುಚ್ಚಿ ನೋಡಿಕೊಳ್ಳಲಿ, ಇನ್ಸುಲಿನ್ ಲ್ಯಾಬಿನ ಫ್ರಿಡ್ಜಿನಲ್ಲಿ ಇಡೋಣ, ಆದರೆ ಐಸ್ ಕಟ್ಟುವ ಜಾಗದಲ್ಲಿ ಇಡಬಾರದು ಅಂತ ಬರೆದಿದ್ದಾರೆ ನೋಡಿ, ಇವಳಿಗೆ ಏನಾದರೂ ಆದರೆ ಮೊದಲು ಏನು ಮಾಡಬೇಕು ಅಂತ ಇಬ್ಬರು ಟೀಚರ್‌ಗಳಿಗೆ ಕಲಿಸಬೇಕು, ಒಬ್ಬಳು ಕಾರ್ತಿಕಾ, ಅವಳೇ ಕೇಳಿಕೊಂಡಳು. ಅವಳೇ ಕೇಳಿಕೊಂಡಳಂತೆ. ಬಸ್ಸಿನಲ್ಲಿ ಜೋಡಿಸಿದ ಮಾತು ಒಂದೂ ಉಪಯೋಗಕ್ಕೆ ಬರುತ್ತಿಲ್ಲ, ನಿಂತ ಕಾಲು ನೋಯುತ್ತಿದೆ, ಕೂತೆ. ಆಮೇಲೆ ಅವರು ಕೆಳಗಿನಿಂದ ಇನ್ನೊಂದು ಹಾಳೆ ಎಳೆದರು, ಶಾಲೆಗೆ ಸೇರಿಸುವಾಗಿನ ಫಾರಂ, ಹೋದ ವರ್ಷದ್ದು, ಬೆರಳಿಟ್ಟರು, ದೀರ್ಘ ಕಾಯಿಲೆ ಏನಾದರೂ ಇದೆಯೇ, ಇಲ್ಲ, ಇದು ನಿಮ್ಮ ಕೈಬರಹ ತಾನೇ ವೆಳ್ಳೈಯಮ್ಮಾಳ್. ನನ್ನದೇ. ಐದನೇ ಕ್ಲಾಸಿನ ತನಕ ಊರ ಶಾಲೆಯಲ್ಲಿ ಒತ್ತಿ ಒತ್ತಿ ಕಲಿತ ಅಕ್ಷರ, ಪೆನ್ನು ಹಾಳೆ ತೂರಿಕೊಂಡು ಹೋಗುವ ಹಾಗೆ ಬರೆದಿದ್ದೇನೆ, ಇಲ್ಲ.

ಇದಕ್ಕೆ ಏನು ಹೇಳಲಿ ಇವರಿಗೆ, ಇವರು ನಮ್ಮವರಲ್ಲ, ನಮ್ಮ ಕನ್ನಡದ ಮನೆಗಳ ಒಳಗಿನ ನಡೆ ಇವರಿಗೆ ಗೊತ್ತಿಲ್ಲ, ಹೆಣ್ಣು ಹುಟ್ಟಿದ ಹದಿನಾರನೇ ದಿನ ನನ್ನ ಅಣ್ಣನ ಹೆಂಡತಿ ಕಣ್ಣಮ್ಮಾಳ್ ತೊಟ್ಟಿಲಿಗೆ ಬೆಳ್ಳಿ ಕಾಲ್ಗೆಜ್ಜೆ ಕಟ್ಟಿ ನಮ್ ಎಳಿಲ್‌ಗೇ ಈ ಕೂಸು ಅಂದಳು, ಎಳಿಲ್ ಅವಳ ಮಗ, ಆಗ ನಾಲ್ಕು ವರ್ಷದವನು, ನಮ್ಮಲ್ಲಿ ಸೋದರಮಾವನ ಮನೆಯಿಂದ ಆಡಿದ ಮಾತು ಅಂದರೆ ಮಾತು, ನಾಳೆ ಹುಡುಗಿ ದೊಡ್ಡವಳಾದರೆ ಸೀರೆ, ಉಡುಗೊರೆಯ ತಟ್ಟೆ, ಹೂವು ಎಲ್ಲ ಆ ಮನೆಯಿಂದಲೇ ಬರಬೇಕು, ಬರದಿದ್ದರೆ ಊರು ಯಾಕೆ ಅನ್ನುತ್ತದೆ, ಆ ಮನೆಗೆ ಈ ಕಾಯಿಲೆ ತಿಳಿಯಬಾರದು ಅಂತ ಎರಡು ವರ್ಷ ಸೂಜಿಯ ಡಬ್ಬಿಯನ್ನು ರಾಗಿ ಕುಡಿಕೆಯಲ್ಲಿ ಬಚ್ಚಿಟ್ಟೆ, ಕಣ್ಣಮ್ಮಾಳ್ ಬಂದರೆ ಬಾಯಿ ಬಿಡಬೇಡ ಅಂತ ಮಗಳಿಗೆ ಕಣ್ಣು ತೋರಿಸಿದೆ, ಅವಳು ಪಾಯಸ ಕೊಟ್ಟರೆ ಕುಡಿ ಅಂದೆ, ಕುಡಿಸಿ ಆಮೇಲೆ ಕೋಣೆಯಲ್ಲಿ ಹೆಚ್ಚು ಚುಚ್ಚಿದೆ. ಕಣ್ಣಮ್ಮಾಳ್‌ನ ಸ್ವಂತ ಅಕ್ಕ ಈ ಶಾಲೆಯ ಅಡುಗೆಯವಳು. ಪೇಚ್ಚಿಯಮ್ಮಾಳ್. ಅದಕ್ಕೇ ಇಲ್ಲ ಅಂತ ಬರೆದೆ. ಮಗಳಿಗೆ ಅಂದೆ, ಊಟದ ಗಂಟೆಗೆ ಮುಂಚೆ ಕಕ್ಕಸಿಗೆ ಹೋಗಿ ಬಾಗಿಲು ಹಾಕಿಕೊಂಡು ಚುಚ್ಚಿಕೋ, ಬಂದು ಸಾಲಲ್ಲಿ ನಿಂತುಕೋ, ಪೇಚ್ಚಿ ದೊಡ್ಡವ್ವ ಎದುರಿಗೆ ಮಿಠಾಯಿ ಗಿಠಾಯಿ ತೆಗೀಬೇಡ, ತೆಗೆದ್ರೆ ಕೈ ಮುರೀತೀನಿ.

ಗುರುವಾರ ಗ್ಯಾಸ್ ಸಿಲಿಂಡರ್ ಖಾಲಿಯಾಯಿತಂತೆ. ಬೇರೆಯದು ತರುವ ಹೊತ್ತಿಗೆ ಮುಕ್ಕಾಲು ಗಂಟೆ. ಇವಳು ಅಷ್ಟು ಹೊತ್ತಿಗೆ ಚುಚ್ಚಿಕೊಂಡು ಬಂದು ತಟ್ಟೆ ಹಿಡಿದು ನಿಂತಿದ್ದಾಳೆ, ಬಿಸಿಲು, ಅನ್ನ ಇಲ್ಲ, ಒಳಗೆ ಸಕ್ಕರೆ ಇಳಿಯುತ್ತಿದೆ, ಜೇಬಿನಲ್ಲಿ ಮಿಠಾಯಿ ಇದೆ, ತೆಗೆದಿದ್ದಾಳೆ, ಎದುರಿಗೆ ಪೇಚ್ಚಿಯಮ್ಮಾಳ್ ಸೊಂಟದ ಮೇಲೆ ಕೈಯಿಟ್ಟು ಸಿಲಿಂಡರಿಗೆ ಕಾಯುತ್ತಾ ಮಕ್ಕಳನ್ನೇ ನೋಡುತ್ತಾ ನಿಂತಿದ್ದಾಳೆ, ಹುಡುಗಿ ಕೈ ಮುಚ್ಚಿಕೊಂಡಿದ್ದಾಳೆ — ಇದೆಲ್ಲ ಮಗಳೇ ಹೇಳಿದ್ದು, ಆಸ್ಪತ್ರೆಯಿಂದ ಬಂದ ರಾತ್ರಿ, ಯಾಕೆ ತಿನ್ನಲಿಲ್ಲ ಮೂದೇವಿ ಅಂತ ನಾನು ಬೈದದ್ದಕ್ಕೆ, ದೊಡ್ಡವ್ವ ನೋಡ್ತಿದ್ಲು ಅವ್ವಾ, ತೆಗೀಬೇಡ ಅಂತ ನೀನೇ ತಾನೇ ಏಳ್ದೆ, ಅಂತ. ಆಮೇಲೆ ಗೋಡೆಗೆ ತಿರುಗಿ ಮಲಗಿದಳು. ಅದನ್ನು ಕೇಳಿಯೂ ನಾನು ಮಾರನೆಯ ದಿನ ಬೀದಿಯವರ ಮುಂದೆ, ಮಗುವನ್ನು ಬಿಸಿಲಲ್ಲಿ ನಿಲ್ಲಿಸಿದಳು ಅಂತ ಕಾರ್ತಿಕಾಳನ್ನೇ ಬೈದೆ, ಇವತ್ತು ಬೆಳಿಗ್ಗೆ ಬಸ್ಸಿನಲ್ಲೂ ಅವಳನ್ನೇ.

ಇಲ್ಲಿ ಒಂದು ಸಾಲಿದೆ ನೋಡಿ, ದೊಡ್ಡ ಟೀಚರ್ ಪೆನ್ನು ತಟ್ಟುತ್ತಿದ್ದಾರೆ, ಇನ್ಸುಲಿನ್ ಹಾಕಿದ ಮೇಲೆ ಊಟ ತಡವಾಗಬಾರದು, ಅಡುಗೆಯವರಿಗೆ ತಿಳಿಸಿರಬೇಕು, ಈ ಹಾಳೆ ಸ್ಟಾಫ್ ರೂಮಲ್ಲೂ ಅಡುಗೆ ಮನೆ ಬಾಗಿಲಲ್ಲೂ ಅಂಟಿಸಬೇಕು. ಅಡುಗೆ ಮನೆಗೆ ಬೇಡ ಟೀಚರ್, ಅಂದೆ. ಯಾಕಮ್ಮಾ. ಬೇಡ ಅಷ್ಟೇ. ಅವರು ಕನ್ನಡಕ ತೆಗೆದರು, ಮುಚ್ಚಿಡೋದು ಬೇರೆ, ಕಾಪಾಡೋದು ಬೇರೆ, ಎರಡೂ ಒಟ್ಟಿಗೆ ನನ್ನ ಕೈಲಿ ಆಗಲ್ಲ, ಯಾವುದು ಬೇಕು ಹೇಳಿ, ನೀವು ಸಹಿ ಹಾಕಿದರೆ ನಾನೂ ಹಾಕ್ತೀನಿ. ದನಿ ಏರಿಸಲಿಲ್ಲ, ಏರಿಸಿದ್ದರೆ ನನಗೆ ಸುಲಭವಾಗುತ್ತಿತ್ತು. ಬೆಳ್ಳಿ ಕಾಲ್ಗೆಜ್ಜೆ, ಸೀರೆ, ತಟ್ಟೆ, ಹೂವು, ಊರು ಯಾಕೆ ಅನ್ನುವುದು, ಅಣ್ಣ ಎದುರಿಗೆ ಬಂದರೆ ತಲೆ ತಗ್ಗಿಸುವುದು — ನರ್ಸಮ್ಮ ಬೆರಳು ಬಿಡಿಸುತ್ತಿದ್ದಾಳೆ, ಹೆಬ್ಬೆರಳು ಕೊನೆಗೆ ಬಿಟ್ಟುಕೊಟ್ಟಿತು — ಪೆನ್ನು ಕೊಡಿ, ಅಂದೆ. ಹಾಳೆ ತೂರುವ ಹಾಗೆ ಹಾಕಿದೆ.

ಕರೀರಿ ಅವಳನ್ನ, ನಾನೇ ಹೇಳ್ತೀನಿ. ಪೇಚ್ಚಿಯಮ್ಮಾಳ್ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದಳು, ಸೀದ ಸಾಸಿವೆ ವಾಸನೆ ಅವಳಿಗಿಂತ ಮುಂಚೆ ಬಂತು, ಏನ್ ವೆಳ್ಳೈ, ಕೂಸು ಸುಗಮಾ, ಅವತ್ತು ಇದೇ ತೋಳ್ ಮೇಲೆ ಒತ್ಕೊಂಡ್ ಆಟೋಗೆ ಓಡ್ದೆ, ಇವತ್ತೂ ನೋವ್ತದೆ. ನನಗೆ ಇದೂ ಗೊತ್ತಿರಲಿಲ್ಲ, ಹೊತ್ತವಳು ಇವಳು. ಅಕ್ಕಾ, ಅವಳಿಗೆ ಸಕ್ಕರೆ ಕಾಯ್ಲೆ, ಎರಡ್ ವರ್ಷ ಆಯ್ತು, ಸೂಜಿ ಆಕೊಂಡ್ ಬಂದು ನಿಲ್ತಾಳೆ, ಅನ್ನ ತಡ ಆದ್ರೆ ಬೀಳ್ತಾಳೆ, ನಿಂಗೆ ಗೊತ್ತಾಗ್ಬಾರ್ದು ಅಂತ ನಾನೇ ಮರೆಸ್ದೆ. ಒಂದೇ ಉಸಿರಿಗೆ ಅಂದೆ. ಪೇಚ್ಚಿಯಮ್ಮಾಳ್ ಸೆರಗು ಬಿಟ್ಟು ನನ್ನ ರಟ್ಟೆ ಹಿಡಿದಳು. ಅಡಿ ಪಾವಿ, ಪಾಪಿ ಕಣೇ ನೀನು, ಅಂದಳು, ಅನ್ನ ಇಲ್ದಿದ್ರೆ ಏನು, ಒಳ್ಗೆ ಬೆಲ್ಲ ಇತ್ತು, ಬಾಳೆಹಣ್ಣಿತ್ತು, ಒಂದ್ ಮಾತ್ ಏಳಿದ್ರೆ ಕೊಡ್ತಿರ್ಲಿಲ್ವಾ, ನನ್ ಕಣ್ ಮುಂದೆ ಬಿತ್ತಲ್ಲೇ ಕೂಸು. ಕಣ್ಣಮ್ಮಾಳ್‌ಗೆ ಏಳ್ತೀಯಾ ಅಕ್ಕಾ. ಏಳ್ದೆ ಇರ್ತೀನಾ, ನನ್ ತಂಗಿ ಅವ್ಳು, ಒಳ್ಗೆ ಇಟ್ಕೊಂಡ್ ನಂಗೆ ನಿದ್ದೆ ಬರ್ತದಾ, ಏಳೇ ಏಳ್ತೀನಿ. ಸರಿ. ಏಳು. ಆಗುವುದು ಆಗಲಿ, ಅಣ್ಣನ ಮನೆಯ ತಟ್ಟೆ ಬರಲಿ, ಬರದೇ ಇರಲಿ.

ಗಂಟೆ ಹೊಡೆಯಿತು. ಹಾಳೆ ಹಿಡಿದು ಪೇಚ್ಚಿಯಮ್ಮಾಳ್ ಹೊರಗೆ ಹೋದಳು, ಬೆಂಚಿನ ಮೇಲಿದ್ದವಳ ರಟ್ಟೆ ಹಿಡಿದು ಎಬ್ಬಿಸಿದಳು, ವಾ ಕಣ್ಣು, ಬಾ ನನ್ ಕೂಸೇ, ಇನ್ಮೇಲೆ ನೀನೇ ಮುಂದೆ, ಸಾಲಿನ ಮಕ್ಕಳು ಗೊಣಗಿದವು, ಅವಳು ಸೌಟು ಎತ್ತಿ ಗದರಿದಳು, ಕಿಟಕಿಯಿಂದ ಎಲ್ಲ ಕಾಣುತ್ತಿದೆ, ಯುವಶ್ರೀ ಎಲ್ಲರಿಗಿಂತ ಮುಂದೆ, ಎಡಗೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಅನ್ನ, ಹಬೆ, ತಿನ್ನಬೇಕು ತಾನೇ ಈಗ, ಯಾಕೆ ನಿಂತಿದ್ದಾಳೆ, ನನ್ನ ಕಡೆ ನೋಡುತ್ತಿದ್ದಾಳೆ, ನನ್ನ ಕಣ್ಣನ್ನು ನೋಡುತ್ತಿದ್ದಾಳೆ, ಬಲಗೈ ಲಂಗದ ಮಡಿಕೆಯ ಹಿಂದೆ, ಬಿಡಿಸು, ಎಲ್ಲರಿಗೂ ಗೊತ್ತಾಯಿತು ಕಣೇ, ನಾನೇ ಹೇಳಿದೆ, ಬಿಡಿಸು — ಮುಷ್ಟಿ, ಇನ್ನೂ ಮುಚ್ಚಿದ ಮುಷ್ಟಿ, ಬೆರಳ ಸಂದಿಯಲ್ಲಿ ಕಿತ್ತಳೆ ಬಣ್ಣದ ಕಾಗದದ ತುದಿ.