ದೀಪದ ಬುಡದ ಎಣ್ಣೆ

ಎಣ್ಣೆಯ ಬಟ್ಟಲಿಗೆ ಚಾಚಿದ ಕೈಯನ್ನು ಅನ್ನಪೂರ್ಣಾಬಾಯಿ ಸರಕ್ಕನೆ ಹಿಂದಕ್ಕೆ ಎಳೆದುಕೊಂಡಳು. ಎದುರಿಗೆ ಮಣೆಯ ಮೇಲೆ ಕೂತ ಮಗಳು ನರ್ಮದಾ ಎರಡೂ ತೋಳು ಮುಂದೆ ಮಾಡಿ ಕಾಯುತ್ತಿದ್ದಳು.

"ಯಾಕವ್ವಾ?"

"ದೂರ ಸರಿ. ನಾ ಹೊರಗಾದೆ."

ಗೋಡೆಗೆ, ಬಾಗಿಲಿಗೆ ಸೆರಗು ತಾಗದ ಹಾಗೆ ಮೈ ಹಿಡಿ ಮಾಡಿಕೊಂಡು ಅವಳು ಹಿತ್ತಲಿನ ಪಡಸಾಲೆಗೆ ಹೋಗಿ ಕಂಬಳಿಯ ಮೇಲೆ ಕೂತಳು. ಇನ್ನು ನಾಲ್ಕನೆಯ ದಿನ ತಲೆಗೆ ನೀರು ಬೀಳುವವರೆಗೆ ಅಡಿಗೆಮನೆ ಇಲ್ಲ, ದೇವರಮನೆ ಇಲ್ಲ, ಮಗಳ ಮೈ ಮುಟ್ಟುವ ಹಾಗಿಲ್ಲ. ಇವತ್ತು ಬುಧವಾರ. ಸೋಮವಾರ ನರ್ಮದಾ ಮತ್ತೆ ಹುಬ್ಬಳ್ಳಿಗೆ ಹೋಗಬೇಕು.

ನರ್ಸ್ ತರಬೇತಿಗೆ ಹುಡುಗಿಯ ಹೆಸರು ಬಂದಿತ್ತು. ಹೋದ ಸಲ ಎಲ್ಲ ಮುಗಿದು ಕೊನೆಗೆ ಮೈ ತಪಾಸಣೆ ಮಾಡುವಾಗ ಡಾಕ್ಟರಬಾಯಿ ಅವಳ ಕುಪ್ಪಸದ ತೋಳನ್ನು ಮೇಲೆ ಸರಿಸಿದ್ದಳು. ಮಣಿಕಟ್ಟಿನಿಂದ ಭುಜದವರೆಗೆ ಒಂದೊಂದು ಕೂದಲಿನ ಬುಡಕ್ಕೂ ಕೆಂಪು ಗುಳ್ಳೆ. ಕೆಲವಕ್ಕೆ ತುದಿಯಲ್ಲಿ ಬಿಳಿ ಕೀವು.

"ಇದು ಮಾಯೂತನಕಾ ವಾರ್ಡಿನೊಳಗ ಬಿಡ್ಲಿಕ್ಕೆ ಬರೂದಿಲ್ಲ. ಮುಂದಿನ ಸಲಾನೂ ಹಿಂಗ ಇದ್ರ ಬ್ಯಾರೆ ಹುಡುಗೀನ ಕರೀತೀವಿ" ಅಂದಿದ್ದಳು. ಆಮೇಲೆ ಕೈ ತೊಳೆಯುತ್ತ, "ಎಣ್ಣಿಗಿಣ್ಣಿ ಏನೂ ಹಚ್ಚಬ್ಯಾಡ್ರಿ. ಸಾಬಾಣ, ಬಿಸಿನೀರು, ಅಷ್ಟ."

ಬೆಂಚಿನ ಮೇಲೆ ಕೂತಿದ್ದ ಅನ್ನಪೂರ್ಣಾಬಾಯಿಗೂ ಅದು ಕೇಳಿಸಿತ್ತು. ಆದರೆ ಅಣ್ಣಿಗೇರಿಗೆ ಹಿಂದಿರುಗುವ ರೈಲಿನಲ್ಲಿ ಮಗಳ ತೋಳು ನೋಡಿದಷ್ಟೂ ಅವಳಿಗೆ ಆ ಮಾತು ಒಪ್ಪಿಗೆಯಾಗಲಿಲ್ಲ. ಉರಿಯುವ ಚರ್ಮವನ್ನು ಒಣಾ ಬಿಡುವುದೆಂದರೇನು? ಅದು ಬಿರಿಯುವುದಿಲ್ಲವೆ?

ಆ ಮನೆಯಲ್ಲಿ ದೇವರ ದೀಪದ ಬುಡದಲ್ಲಿ ಉಳಿದ ಕುಸುಬಿ ಎಣ್ಣೆಯನ್ನು ದಿನಾ ಬೆಳಿಗ್ಗೆ ಹಿತ್ತಾಳೆ ಬಟ್ಟಲಿಗೆ ಬಸಿದಿಡುವುದು ಅತ್ತೆಯ ಕಾಲದಿಂದ ಬಂದದ್ದು. ಕಪ್ಪಗೆ, ಮಂದವಾಗಿ, ಸುಟ್ಟ ಬತ್ತಿಯ ವಾಸನೆಯ ಎಣ್ಣೆ. ನರ್ಮದಾ ಹುಟ್ಟಿದ ಮೇಲೆ ಅವಳ ಕೆಮ್ಮಿಗೂ ಅದೇ, ಬಿದ್ದ ಮೊಣಕಾಲಿಗೂ ಅದೇ. ಈಗ ತಾಯಿ ಅದನ್ನು ಮಣಿಕಟ್ಟಿನಿಂದ ಮೇಲಕ್ಕೆ, ಕೂದಲಿಗೆ ಎದುರಾಗಿ, ಬುಡಬುಡಕ್ಕೂ ಇಳಿಯಲೆಂದು ಹೆಬ್ಬೆರಳು ಒತ್ತಿ ತಿಕ್ಕುತ್ತಿದ್ದಳು. ಮೇಲೆ ಗಂಡನ ಹಳೆಯ ಧೋತರ ಹರಿದ ಪಟ್ಟಿ ಸುತ್ತುತ್ತಿದ್ದಳು. ಗುಳ್ಳೆ ಹೆಚ್ಚಾದಷ್ಟೂ ಎಣ್ಣೆ ಹೆಚ್ಚಾಯಿತು. "ಒಳಗಿನ ಕೆಟ್ಟದ್ದೆಲ್ಲಾ ಹೊರಗ ಬರ್ಲಿಕ್ಕತ್ತದ. ಬರ್ಲಿ" ಅನ್ನುತ್ತಿದ್ದಳು.

ಈಗ ಆ ಹೆಬ್ಬೆರಳಿಗೆ ಕೆಲಸವಿರಲಿಲ್ಲ. ಅದು ಕಂಬಳಿಯ ಅಂಚಿನ ಎಳೆ ಕೀಳುತ್ತಿತ್ತು.

"ಅತ್ಯಾ, ನೀವರೆ ಸ್ವಲ್ಪ ಹಚ್ಚಿಕೊಡ್ರಿ ಆಕೀಗೆ" ಎಂದು ಒಳಗೆ ಕೇಳಿಸುವ ಹಾಗೆ ಕೂಗಿದಳು.

"ನನ್ನ ಕಣ್ಣಿಗೆ ಆಕೀ ಕೈನ ಕಾಣಂಗಿಲ್ಲ, ಗುಳ್ಳಿ ಎಲ್ಲೀದು?" ಒಳಗಿನಿಂದ ಅತ್ತೆ ಭೀಮಾಬಾಯಿ ಅಂದರು. "ಊರ ಮಂದೀ ಹುಣ್ಣು ತೊಳೀಲಿಕ್ಕೆ ಹೊಂಟಾಳಲಾ ನಿನ್ನ ಮಗಳು, ತನ್ನವ ಮೊದಲ ತೊಳಕೊಳ್ಳಿ!"

"ಅಜ್ಜೀ, ನಿನ್ನ ಕಾಲಿನ ಆಣಿ ಮೊದಲ ನೋಡ್ತೇನಿ ತಡಿ, ಕತ್ತರಿ ತಗೊಂಡು ಬರ್ತೇನಿ" ಎಂದು ನರ್ಮದಾ ನಕ್ಕಿದ್ದು ಕೇಳಿಸಿತು.

ಅನ್ನಪೂರ್ಣಾಬಾಯಿಗೆ ನಗು ಬರಲಿಲ್ಲ. ಮಧ್ಯಾಹ್ನ ಕೂಗಿದಳು. "ನಮ್ಮೀ, ಹಚ್ಚಿಕೊಂಡ್ಯಾ?"

"ಹೂಂ ಅವ್ವಾ."

"ಎದುರಾಗಿ ತಿಕ್ಕಿದಿ?"

"ತಿಕ್ಕಿದೆ."

ಸಂಜೆ ಕೂಗಿದಳು. ಮರುದಿನ ಬೆಳಿಗ್ಗೆ ಕೂಗಿದಳು. "ಒದರಬ್ಯಾಡವಾ, ಓಣಿ ಮಂದಿಗೆಲ್ಲಾ ಗೊತ್ತಾಗಿ ಹೋಗ್ತದ, ನಾಳೆ ವರಾನೂ ಸಿಗೂದಿಲ್ಲ" ಎಂದು ಅತ್ತೆ ಬೈದರು. ಅವಳು ಎದ್ದು ಪಡಸಾಲೆಯ ಅಂಚಿಗೆ ಬಂದಳು, ಕೂತಳು, ಮತ್ತೆ ಎದ್ದಳು. ಆ ಇನ್ನೊಬ್ಬ ಹುಡುಗಿ, ಮಗಳ ಜಾಗಕ್ಕೆ ಬರುವವಳು, ಗುಳ್ಳೆಯಿಲ್ಲದ ನುಣುಪು ತೋಳಿನವಳು, ಕಣ್ಣು ಮುಚ್ಚಿದರೆ ಕಾಣುತ್ತಿದ್ದಳು.

ಶುಕ್ರವಾರ ಹಿತ್ತಲಲ್ಲಿ ಒಗೆದ ಬಟ್ಟೆ ಒಣಗುತ್ತಿದ್ದವು. ಸೀರೆ, ಅಂಗಿ, ಪಂಚೆ. ಅನ್ನಪೂರ್ಣಾಬಾಯಿ ಎರಡು ಸಲ ಹಗ್ಗದುದ್ದಕ್ಕೂ ನೋಡಿದಳು. ದಿನಾ ತೊಳೆದು ಹಾಕುವ ಧೋತರದ ಪಟ್ಟಿಗಳು ಇರಲಿಲ್ಲ. ನಿನ್ನೆಯೂ ಇರಲಿಲ್ಲ ಎಂಬುದು ಆಗ ಹೊಳೆಯಿತು.

"ನರ್ಮದಾ! ಬಾ ಇಲ್ಲೆ!"

ಪೂರ್ತಿ ಹೆಸರು ಕೇಳಿ ಹುಡುಗಿ ಒದ್ದೆ ಕೈಯಲ್ಲೇ ಓಡಿ ಬಂದಳು.

"ಸುಳ್ಳು ಹೇಳ್ತೀ? ಮೂರು ಹೊತ್ತೂ ಕೇಳಿದ್ರ ಮೂರು ಹೊತ್ತೂ ಸುಳ್ಳು? ನೌಕರಿ ಬ್ಯಾಡಾಗೇದ ಏನು ನಿನಗ? ತೋರ್ಸು ಕೈ."

ಮುಟ್ಟಿಸಿಕೊಳ್ಳಬಾರದೆಂದು ನರ್ಮದಾ ಬಾವಿಯ ಹತ್ತಿರವೇ ನಿಂತು ಕುಪ್ಪಸದ ತೋಳು ಮೇಲೆ ಸರಿಸಿದಳು. ಬಿಸಿಲು ನೇರ ಕೈಯ ಮೇಲೆ ಬಿತ್ತು.

ದೇವರಮನೆಯ ಮಬ್ಬಿನಲ್ಲಿ, ಬೆರಳಿನಿಂದಲೇ ನೋಡಿದ ತೋಳು ಅದು. ಅಷ್ಟು ದೂರದಿಂದ, ಅಷ್ಟು ಬೆಳಕಿನಲ್ಲಿ ಅವಳು ನೋಡಿರಲಿಲ್ಲ. ಬಿಳಿ ತುದಿಗಳು ಒಣಗಿ ಉದುರಿದ್ದವು. ಕೆಂಪು ಇಳಿದು ಕಂದು ಚುಕ್ಕೆಯಾಗಿತ್ತು. ಮೊಣಕೈಯ ಕೆಳಗೆ ಕೂದಲು ತನ್ನ ದಿಕ್ಕಿಗೆ ತಾನು ಮಲಗಿತ್ತು.



"ಸಾಬಾಣ ಹಚ್ಚಿ ತೊಳಕೊಂಡೆ ಅವ್ವಾ" ನರ್ಮದಾ ಮೆಲ್ಲಗೆ ಅಂದಳು. "ಬಿಸಿನೀರಿನ ಅರಿವಿ ಇಟಗೊಂಡೆ. ಅಷ್ಟ."

"ಮತ್ತ ಇಷ್ಟು ದಿವಸ ಯಾಕ ಸುಮ್ಮನ ಹಚ್ಚಿಸಿಕೊಂಡಿ?"

"ಬ್ಯಾಡಾ ಅಂದಿದ್ದೆ ಒಮ್ಮೆ." ಹುಡುಗಿ ಬಾವಿಯ ಕಲ್ಲಿನ ಮೇಲಿನ ನೀರನ್ನು ಕಾಲಿನಿಂದ ಸರಿಸುತ್ತಿದ್ದಳು. "ಆವತ್ತು ನೀ ಊಟಾ ಮಾಡಲಿಲ್ಲ."

ಶನಿವಾರ ಅನ್ನಪೂರ್ಣಾಬಾಯಿ ಎರೆದುಕೊಂಡು ಒಳಗೆ ಬಂದಳು. ಎಲ್ಲ ಪಾತ್ರೆ ಮತ್ತೆ ತಿಕ್ಕಿದಳು, ತಿಕ್ಕಿದ್ದನ್ನೇ ಇನ್ನೊಮ್ಮೆ ತಿಕ್ಕಿದಳು. ಭಾನುವಾರ ಸಂಜೆ ದೇವರ ಮುಂದೆ ದೀಪ ಹಚ್ಚುವಾಗ ನರ್ಮದಾ ತಾನಾಗಿಯೇ ಮಣೆ ಹಾಕಿಕೊಂಡು ಕೂತು, ಬಟ್ಟಲನ್ನು ತಾಯಿಯ ಕಡೆ ಸರಿಸಿದಳು.

"ಒಂದು ಬೆರಳು ಹಚ್ಚವ್ವಾ. ನಾಳೆ ಹೋಗೂದದ. ಒಂದು ಬೆರಳಿಗೇನಾಗ್ತದ?"

ಅನ್ನಪೂರ್ಣಾಬಾಯಿ ಬಟ್ಟಲು ಎತ್ತಿಕೊಂಡಳು. ಅದು ತುಂಬಿತ್ತು, ಯಾರೂ ಬಳಸದೆ ಇಷ್ಟು ದಿನದ ಎಣ್ಣೆ ಕೂಡಿತ್ತು. ಮಗಳ ತೋಳು ದೀಪದ ಬೆಳಕಿನಲ್ಲಿ ಹತ್ತಿರವೇ ಇತ್ತು. ಅವಳು ಬಟ್ಟಲನ್ನು ಬಗ್ಗಿಸಿ ಎಣ್ಣೆಯನ್ನೆಲ್ಲ ದೀಪಕ್ಕೆ ಸುರಿದಳು. ಹಳೆಯ ಕಿಟ್ಟ ಸಿಕ್ಕು ಬತ್ತಿ ಚಿಟಿಚಿಟಿ ಅಂದಿತು, ಆರಲಿಲ್ಲ.

"ಏಳು, ಸಾಬಾಣ ಎಲ್ಲಿಟ್ಟೀದಿ? ಚೀಲದಾಗ ಹಾಕ್ಕೋ. ಮರತಗಿರತೀ."

ಮರುದಿನ ಬೆಳಿಗ್ಗೆ ಸ್ಟೇಶನ್ನಿನಲ್ಲಿ ಅಪ್ಪ ಪಾಂಡುರಂಗರಾಯ ಮಗಳಿಗೆ ಜಾಗ ಹಿಡಿದುಕೊಟ್ಟು ಪಕ್ಕಕ್ಕೆ ಕೂತರು. ಎಂಜಿನ್ನಿನ ಹೊಗೆ ಪ್ಲಾಟ್‌ಫಾರ್ಮಿನ ಮೇಲೆ ಇಳಿಯಿತು. ನರ್ಮದಾ ಕಿಟಕಿಯ ಸರಳಿನ ನಡುವಿನಿಂದ ಕೈ ಹೊರಗೆ ಚಾಚಿದಳು. ಕುಪ್ಪಸದ ತೋಳು ಹಿಂದಕ್ಕೆ ಸರಿಯಿತು.

ಹಿಡಿಯಲೆಂದು ಹೋದ ಅನ್ನಪೂರ್ಣಾಬಾಯಿ ತಡೆದು, ಅಂಗೈಯನ್ನು ಸೆರಗಿಗೆ ಒರೆಸಿಕೊಂಡಳು. ಅಂಗೈ ಒಣಗಿಯೇ ಇತ್ತು. ಮತ್ತೊಮ್ಮೆ ಒರೆಸಿಕೊಂಡು, ಬೆರಳ ತುದಿಯಿಂದಷ್ಟೇ ಮಗಳ ಬೆರಳ ತುದಿಯನ್ನು ಹಿಡಿದಳು.